ಯೊಸೆಮಿಟಿಯ ಟಿಪ್ಪಣಿ ಪುಟಗಳು
ಕ್ಯಾಲಿಫೋರ್ನಿಯಾ, 1914–1920. ಕಾಗದದ ಮೇಲೆ ಶಾಯಿ.

ಬರ್ಕ್ಲಿಯ ಕಶೇರುಕ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದ ಮೊದಲ ನಿರ್ದೇಶಕ ಜೋಸೆಫ್ ಗ್ರಿನ್ನೆಲ್ ಮತ್ತು ಸಂಗಡಿಗರು ಸಿಯೆರಾ ನೆವಾಡ ಬೆಟ್ಟಗಳಲ್ಲಿ ಯಾವ ಪ್ರಾಣಿ ಎಷ್ಟು ಎತ್ತರದಲ್ಲಿದೆ ಎಂದು ಬರೆದಿಟ್ಟ ದಾಖಲೆ ಇದು. ಬೋನುಗಳ ಲೆಕ್ಕವನ್ನು ಗಮನಿಸಿ: ಸಿಕ್ಕಿದ್ದೆಷ್ಟು ಎಂಬುದರ ಜೊತೆಗೆ ಇಟ್ಟಿದ್ದೆಷ್ಟು ಎಂಬುದೂ ಇದೆ. ಈ ಪುಟಗಳ ನಿಜವಾದ ಬೆಲೆ ಇರುವುದು ಆ ಲೆಕ್ಕದಲ್ಲೇ. 2003ರಿಂದ 2006ರವರೆಗೆ ವಿಜ್ಞಾನಿಗಳು ಅದೇ ಜಾಗಗಳಿಗೆ ಮರಳಿ ಹುಡುಕಿದಾಗ, 28 ಸಣ್ಣ ಸಸ್ತನಿಗಳಲ್ಲಿ ಅರ್ಧದಷ್ಟು ಪ್ರಭೇದಗಳ ಎತ್ತರದ ಗಡಿ ಸರಾಸರಿ 500 ಮೀಟರ್ ಮೇಲಕ್ಕೆ ಸರಿದಿತ್ತು. ಆಲ್ಪೈನ್ ಚಿಪ್‌ಮಂಕ್ ಎಂಬ ಪುಟ್ಟ ಅಳಿಲಿನ ಕೆಳಗಡಿಯಂತೂ ಸುಮಾರು 600 ಮೀಟರ್ ಏರಿತ್ತು.

ಹಿಂದಿನವರ ಕಣ್ತಪ್ಪಿರಬಹುದಲ್ಲ ಎಂದು ಕೇಳುವುದು ನ್ಯಾಯವೇ. ಕಾಣಲಿಲ್ಲ ಎಂದ ಮಾತ್ರಕ್ಕೆ ಇರಲಿಲ್ಲ ಎಂದಾಗುವುದಿಲ್ಲ. ಆದರೆ ಎಷ್ಟು ಬೋನು, ಎಷ್ಟು ರಾತ್ರಿ ಎಂಬುದು ಗೊತ್ತಿದ್ದರೆ, ಪ್ರಾಣಿ ಅಲ್ಲಿದ್ದೂ ತಪ್ಪಿಸಿಕೊಂಡಿರುವ ಸಾಧ್ಯತೆಯನ್ನು ಅಂದಾಜು ಮಾಡಬಹುದು. ಮೇಲಿನ ಫಲಿತಾಂಶ ಆ ಅಂದಾಜನ್ನು ಕಳೆದ ಮೇಲೆ ಉಳಿದದ್ದು. ಉಳುಮೆ, ಕಟ್ಟಡಗಳೇ ಕಾರಣವೆನ್ನಲೂ ಆಗದು; ಯೊಸೆಮಿಟಿ 1890ರಿಂದ ರಾಷ್ಟ್ರೀಯ ಉದ್ಯಾನ. ಆದರೆ ಆ ಎರಡು ಹುಡುಕಾಟಗಳ ನಡುವೆ ಇಲ್ಲಿನ ರಾತ್ರಿಯ ಕನಿಷ್ಠ ತಾಪಮಾನ ಸುಮಾರು 3 ಡಿಗ್ರಿ ಸೆಲ್ಸಿಯಸ್ ಏರಿದೆ. ಎಲ್ಲ ಪ್ರಭೇದಗಳೂ ಸರಿಯಲಿಲ್ಲ ನಿಜ, ಆದರೆ ಬಿಸಿಯನ್ನು ಎಲ್ಲವೂ ಒಂದೇ ರೀತಿ ತಾಳುವುದಿಲ್ಲ.

ನಿಮ್ಮೂರಿನ ಹಕ್ಕಿ, ಚಿಟ್ಟೆಗಳನ್ನು ದಾಖಲಿಸುವಾಗ ಸ್ಥಳ, ದಿನಾಂಕದ ಜೊತೆಗೆ ಎಷ್ಟು ಹೊತ್ತು ಹುಡುಕಿದಿರಿ ಎಂಬುದನ್ನೂ ಬರೆದಿಡಿ.