ಗಳಗಂಡ: ಥೈರಾಯ್ಡ್ ಮತ್ತು ಅಯೋಡಿನ್ನಿನ ಚರಿತ್ರೆ

ಕತ್ತಿನ ಮುಂಭಾಗದ ಥೈರಾಯ್ಡ್ ಗ್ರಂಥಿ ಊದಿಕೊಂಡಾಗ ಕಾಣುವ ಗಡ್ಡೆಗೆ ಗಳಗಂಡ ಎಂದು ಹೆಸರು. ವಯಸ್ಕರಲ್ಲಿ ಸುಮಾರು 20 ಗ್ರಾಂ ತೂಗುವ ಈ ನಿರ್ನಾಳ ಗ್ರಂಥಿ, ರಕ್ತದಿಂದ ಅಯೋಡಿನ್ ಹೀರಿಕೊಂಡು ಎರಡು ಹಾರ್ಮೋನುಗಳನ್ನು ತಯಾರಿಸುತ್ತದೆ. ನಾಲ್ಕು ಅಯೋಡಿನ್ ಪರಮಾಣುಗಳಿರುವುದು ಥೈರಾಕ್ಸಿನ್, ಮೂರಿರುವುದು ಟ್ರೈಅಯೋಡೊಥೈರೊನಿನ್. ಜೀವಕೋಶಗಳು ಎಷ್ಟು ಬೇಗ ಆಹಾರವನ್ನು ಉರಿಸಿ ಶಾಖ ಮತ್ತು ಶಕ್ತಿಯಾಗಿ ಮಾರ್ಪಡಿಸಬೇಕು ಎಂಬುದನ್ನು, ಅಂದರೆ ದೇಹದ ಚಯಾಪಚಯದ ವೇಗವನ್ನು, ಬಹುಮಟ್ಟಿಗೆ ನಿರ್ಧರಿಸುವುದು ಇವೇ. ವಯಸ್ಕರಿಗೆ ದಿನಕ್ಕೆ 150 ಮೈಕ್ರೊಗ್ರಾಂ ಅಯೋಡಿನ್ ಸಾಕು. ಅಷ್ಟೂ ಸಿಗದಿದ್ದರೆ ಹಾರ್ಮೋನಿನ ಮಟ್ಟ ಇಳಿಯುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ತನ್ನ ಪ್ರಚೋದಕ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ. ಆ ಒತ್ತಡಕ್ಕೆ ಥೈರಾಯ್ಡ್ ಹಿಗ್ಗುತ್ತದೆ. ಕೊರತೆಯಿಂದ ಬರುವ ಗಳಗಂಡವೆಂದರೆ ಗ್ರಂಥಿ ಅಭಾವವನ್ನು ನಿಭಾಯಿಸಲು ಪಡುವ ಪಾಡು. ನಿಜವಾದ ನಷ್ಟ ಬೇರೆಡೆ, ಮುಖ್ಯವಾಗಿ ಗರ್ಭದಲ್ಲಿರುವ ಮಗುವಿನ ಮೆದುಳಿನಲ್ಲಿ, ಆಗುತ್ತಿರುತ್ತದೆ. ವೈದ್ಯಲೋಕ ಬಹುಕಾಲ ಕಣ್ಣಿಗೆ ಬೀಳುವ ಗಡ್ಡೆಯನ್ನೇ ರೋಗವೆಂದು ಭಾವಿಸಿತ್ತು.

ಸುಶ್ರುತಸಂಹಿತೆಯಲ್ಲಿ ಗಳಗಂಡದ ವರ್ಣನೆಯಿದೆ. ಚೀನಾದ ವೈದ್ಯರು ಕಡಲಕಳೆಯನ್ನು ಔಷಧವಾಗಿ ಕೊಡುತ್ತಿದ್ದರು. ಯುರೋಪಿನಲ್ಲಿ ಸುಟ್ಟ ಸ್ಪಂಜಿನ ಬೂದಿಗೆ ಅದೇ ಖ್ಯಾತಿಯಿತ್ತು. ಎರಡೂ ಸಮುದ್ರದಿಂದ ಬಂದವು, ಎರಡರಲ್ಲೂ ಅಯೋಡಿನ್ ಇತ್ತು, ಆದರೆ ಹಾಗೊಂದು ಧಾತು ಇದೆಯೆಂದೇ ಯಾರಿಗೂ ತಿಳಿದಿರಲಿಲ್ಲ. 1811ರಲ್ಲಿ ಫ್ರಾನ್ಸಿನ ಬೆರ್ನಾರ್ ಕುರ್ತ್ವಾ, ನೆಪೋಲಿಯನ್ನನ ಯುದ್ಧಗಳಿಗೆ ಬೇಕಾದ ಪೆಟ್ಲುಪ್ಪಿನ ತಯಾರಿಕೆಯಲ್ಲಿದ್ದಾಗ, ಕಡಲಕಳೆಯ ಬೂದಿಗೆ ಗಂಧಕಾಮ್ಲ ತುಸು ಹೆಚ್ಚಾಗಿ ಬಿದ್ದು ನೇರಳೆ ಬಣ್ಣದ ಹೊಗೆ ಎದ್ದಿತು. ಅದೇ ಅಯೋಡಿನ್. ಒಂಬತ್ತು ವರ್ಷಗಳಲ್ಲೇ, 1820ರಲ್ಲಿ, ಜಿನೀವಾದ ಝ್ಯಾಂ-ಫ್ರಾಂಸ್ವಾ ಕ್ವಾಂಡೆ ಅದನ್ನು ಗಳಗಂಡದ ರೋಗಿಗಳಿಗೆ ಕೊಟ್ಟು ಗಡ್ಡೆ ಕರಗಿದ್ದನ್ನು ಕಂಡ. ಊಹೆ ಸರಿ, ಪ್ರಮಾಣ ತಪ್ಪು. ಇಂದಿನ ಲೆಕ್ಕದಲ್ಲಿ ದಿನದ ಅಗತ್ಯಕ್ಕಿಂತ ಎಷ್ಟೋ ನೂರು ಪಟ್ಟು ಹೆಚ್ಚಿದ್ದ ಔಷಧ ಸೇವಿಸಿದ ಕೆಲವರಿಗೆ ಎದೆಬಡಿತ ಏರಿತು, ಕೈ ನಡುಗಿತು, ಮೈ ಇಳಿಯಿತು. ಅಯೋಡಿನ್ನಿಗೆ ವಿಷವೆಂಬ ಕೆಟ್ಟ ಹೆಸರು ಅಂಟಿಕೊಂಡಿತು. 1850ರ ದಶಕದಲ್ಲಿ ಅಡಾಲ್ಫ್ ಶಾತಾಂ ಮಣ್ಣು, ನೀರು, ಆಹಾರಗಳಲ್ಲಿ ಅಯೋಡಿನ್ ಅಳೆದು, ಅದು ಕಡಿಮೆಯಿರುವಲ್ಲೇ ಗಳಗಂಡ ಹೆಚ್ಚೆಂದು ಹೇಳಿದಾಗ ಫ್ರೆಂಚ್ ವಿದ್ವತ್ಸಭೆ ಒಪ್ಪಲಿಲ್ಲ. ಕೈಗೆ ಬಂದಿದ್ದ ಉತ್ತರ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮೂಲೆಗೆ ಬಿತ್ತು.

ಗ್ರಂಥಿಯ ಕೆಲಸವೇನೆಂಬುದು ಬೆಳಕಿಗೆ ಬಂದದ್ದು ಒಂದು ಶಸ್ತ್ರಚಿಕಿತ್ಸೆಯ ದುರಂತದಿಂದ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೊಡೋರ್ ಕೋಚರ್, ರಕ್ತಸ್ರಾವಕ್ಕೆ ಕುಖ್ಯಾತವಾಗಿದ್ದ ಗಳಗಂಡದ ಶಸ್ತ್ರಕ್ರಿಯೆಯನ್ನು ತಾಳ್ಮೆಯಿಂದ ಸುರಕ್ಷಿತಗೊಳಿಸಿದ ನಿಪುಣ. 1874ರಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳ ಗ್ರಂಥಿಯನ್ನು ಪೂರ್ತಿ ತೆಗೆದ. ಗಾಯ ಚೆನ್ನಾಗಿ ಮಾಯಿತು. ವರ್ಷಗಳ ನಂತರ ಆಕೆಯನ್ನು ಮತ್ತೆ ನೋಡಿದಾಗ ಚುರುಕಾಗಿದ್ದ ಹುಡುಗಿ ಕುಳ್ಳಾಗಿಯೇ ಉಳಿದು, ಮುಖ ಊದಿ, ಮಂಕಾಗಿದ್ದಳು. ಪಕ್ಕದಲ್ಲಿ ನಿಂತ ತಂಗಿ ಅವಳನ್ನು ಮೀರಿ ಬೆಳೆದಿದ್ದಳು. ಜಿನೀವಾದ ರೆವೆರ್ದಾಂ ಕೂಡ 1882ರಲ್ಲಿ ಇಂಥ ಬದಲಾವಣೆಗಳನ್ನು ವರದಿ ಮಾಡಿದ್ದ. ಕೋಚರ್ ತನ್ನ ಹಳೆಯ ರೋಗಿಗಳನ್ನು ಕರೆಸಿ ನೋಡಿದ. ಗ್ರಂಥಿಯನ್ನು ಪೂರ್ತಿ ಕಳೆದುಕೊಂಡು ಮರಳಿ ಬಂದ 18 ಮಂದಿಯಲ್ಲಿ 16 ಮಂದಿಗೆ ಅದೇ ಅವಸ್ಥೆ. 1883ರಲ್ಲಿ ಅದನ್ನು ಮುಚ್ಚಿಡದೆ ಪ್ರಕಟಿಸಿದ. ಮುಂದೆ ಗ್ರಂಥಿಯ ಒಂದಂಶವನ್ನು ಉಳಿಸುವ ಪದ್ಧತಿಗೆ ಬಂದ. 1909ರಲ್ಲಿ ಆತನಿಗೆ ನೊಬೆಲ್ ಬಂತು. ಆ ಗೌರವಕ್ಕೆ ಅವನ ಕೈಚಳಕಕ್ಕಿಂತಲೂ ಆ 1883ರ ವರದಿಯೇ ಹೆಚ್ಚು ತಕ್ಕದ್ದೆನ್ನಬೇಕು.

ಗ್ರಂಥಿಯಿಲ್ಲದವರ ಲಕ್ಷಣಗಳು, ಲಂಡನ್ನಿನ ವಿಲಿಯಂ ಗಲ್ 1873ರಲ್ಲಿ ವಯಸ್ಕ ಮಹಿಳೆಯರಲ್ಲಿ ಗುರುತಿಸಿದ್ದ ಮಂಕು, ಊತಗಳನ್ನೇ ಹೋಲುತ್ತಿದ್ದವು. ಹಾಗಾದರೆ ಗ್ರಂಥಿಯ ಸಾರವನ್ನು ಹೊರಗಿನಿಂದ ಕೊಟ್ಟರೆ? 1891ರಲ್ಲಿ ನ್ಯೂಕ್ಯಾಸಲ್‌ನ ಜಾರ್ಜ್ ಮರೆ, 46 ವರ್ಷದ ಮಹಿಳೆಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿದ. ಆಕೆ ಚೇತರಿಸಿಕೊಂಡು ಇನ್ನೂ 28 ವರ್ಷ ಬದುಕಿದಳು. ಅಷ್ಟು ಕಾಲಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು. ಮರುವರ್ಷವೇ ಬೇರೆ ವೈದ್ಯರು ಸೂಜಿಯ ಬದಲು ಗ್ರಂಥಿಯನ್ನು ತುಸು ಹುರಿದು ತಿನ್ನಿಸಿಯೂ ಗುಣ ಕಂಡರು. ಒಂದು ಅಂಗದ ಕೊರತೆಯನ್ನು ಅದರ ಸ್ರಾವದಿಂದಲೇ ತುಂಬುವ ಹಾರ್ಮೋನು ಚಿಕಿತ್ಸೆಯ ಮೊದಲ ಖಚಿತ ಯಶಸ್ಸು ಇದು. ಇನ್ಸುಲಿನ್ ಬರಲು ಇನ್ನೂ ಮೂವತ್ತು ವರ್ಷ ಕಾಯಬೇಕಿತ್ತು.

1895ರಲ್ಲಿ ಜರ್ಮನಿಯ ಅಡಾಲ್ಫ್ ಮ್ಯಾಗ್ನಸ್-ಲೆವಿ, ಥೈರಾಯ್ಡ್ ಸೇವಿಸಿದವರು ಸುಮ್ಮನೆ ಮಲಗಿದ್ದಾಗಲೂ ಹೆಚ್ಚು ಆಮ್ಲಜನಕ ಬಳಸುತ್ತಾರೆಂದು ಅಳೆದು ತೋರಿಸಿದ. ಹಾರ್ಮೋನಿಗೂ ಚಯಾಪಚಯಕ್ಕೂ ಇರುವ ನಂಟು ಮೊದಲ ಸಲ ಅಂಕಿಗಳಲ್ಲಿ ಕಂಡಿತು. ರಕ್ತಪರೀಕ್ಷೆಗಳು ಬರುವ ತನಕ, ರೋಗಿಯ ಉಸಿರಿನಿಂದ ಚಯಾಪಚಯ ಅಳೆಯುವುದೇ ಥೈರಾಯ್ಡ್ ತಪಾಸಣೆಯಾಗಿತ್ತು. ಮ್ಯಾಗ್ನಸ್-ಲೆವಿಯ ಅಳತೆಯ ಹೊತ್ತಿಗೇ ಯೂಜೆನ್ ಬೌಮನ್ ಗ್ರಂಥಿಯೊಳಗೇ ಅಯೋಡಿನ್ ಇರುವುದನ್ನು ಕಂಡುಹಿಡಿದ. 1914ರ ಕ್ರಿಸ್‌ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ನಿನ ಹರಳುಗಳನ್ನು ಪಡೆದ. ಹಂದಿಗಳ ಗ್ರಂಥಿಗಳನ್ನು ಟನ್ನುಗಟ್ಟಲೆ ಸಂಸ್ಕರಿಸಿದರೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ. 1920ರ ದಶಕದಲ್ಲಿ ಚಾರ್ಲ್ಸ್ ಹ್ಯಾರಿಂಗ್ಟನ್ ಅದರ ರಚನೆ ನಿರ್ಧರಿಸಿ ಪ್ರಯೋಗಾಲಯದಲ್ಲೇ ತಯಾರಿಸಿದ. ಎರಡನೆಯ ಹಾರ್ಮೋನು 1952ರಲ್ಲಿ ಪತ್ತೆಯಾಯಿತು.

ತಡೆಗಟ್ಟುವಿಕೆಯ ಪುರಾವೆ ಬಂದದ್ದು ಒಹಾಯೊದ ಆಕ್ರನ್ ಊರಿನ ಶಾಲೆಗಳಿಂದ. ಡೇವಿಡ್ ಮೆರೀನ್ ಮತ್ತು ಕಿಂಬಲ್ 1917ರಿಂದ ಬಾಲಕಿಯರಿಗೆ ವರ್ಷಕ್ಕೆರಡು ಸಲ ಅಯೋಡೈಡ್ ಕೊಟ್ಟರು. ಪಡೆದ 2190 ಮಂದಿಯಲ್ಲಿ ಗ್ರಂಥಿ ಊದಿದ್ದು 5 ಮಂದಿಗೆ. ಪಡೆಯದ 2305ರಲ್ಲಿ 495 ಮಂದಿಗೆ. ಸ್ವಿಟ್ಜರ್ಲೆಂಡಿನ ಹಳ್ಳಿವೈದ್ಯ ಒಟ್ಟೊ ಬಯಾರ್ಡ್ 1918ರಲ್ಲಿ ಗ್ರೆಖೆನ್ ಎಂಬ ಬೆಟ್ಟದ ಹಳ್ಳಿಯಲ್ಲಿ ಉಪ್ಪಿಗೇ ಅಯೋಡೈಡ್ ಬೆರೆಸಿ ನೋಡಿದ. ಕ್ವಾಂಡೆ ಎಡವಿದ್ದ ಪ್ರಮಾಣದ ಪ್ರಶ್ನೆಗೆ ಉಪ್ಪೇ ಪರಿಹಾರವಾಯಿತು, ಏಕೆಂದರೆ ಯಾರೂ ಅದನ್ನು ಮಿತಿಮೀರಿ ತಿನ್ನಲಾರರು, ಯಾರೂ ಬಿಡಲಾರರು. 1922ರಿಂದ ಸ್ವಿಸ್ ಪ್ರಾಂತಗಳಲ್ಲೂ 1924ರಿಂದ ಅಮೆರಿಕದ ಮಿಶಿಗನ್ನಿನಲ್ಲೂ ಅಯೋಡಿನ್ ಉಪ್ಪು ಅಂಗಡಿಗೆ ಬಂತು.

ಹಿಮಾಲಯದ ತಪ್ಪಲು ಜಗತ್ತಿನ ದೊಡ್ಡ ಗಳಗಂಡ ವಲಯಗಳಲ್ಲೊಂದು. ಹಿಮನದಿ, ಮಳೆ, ಪ್ರವಾಹಗಳು ಮೇಲ್ಮಣ್ಣಿನ ಅಯೋಡಿನ್ನನ್ನು ತೊಳೆದೊಯ್ದಿವೆ. ಇಲ್ಲಿನ ಮೊದಲ ದೊಡ್ಡ ಸಂಶೋಧಕ ರಾಬರ್ಟ್ ಮೆಕ್‌ಕ್ಯಾರಿಸನ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಿಲ್ಗಿಟ್ಟಿನಲ್ಲಿದ್ದಾಗ, ಒಂದೇ ಹೊಳೆಯ ಗುಂಟ ಇರುವ ಹಳ್ಳಿಗಳಲ್ಲಿ ಕೆಳಕೆಳಗೆ ಹೋದಂತೆ ಗಳಗಂಡ ಹೆಚ್ಚುವುದನ್ನು ಗಮನಿಸಿ, ನೀರಿನ ಕೊಳೆಯೇ ಕಾರಣವೆಂದು ಬಗೆದು ಅದರ ಗಸಿಯನ್ನು ತಾನೇ ಕುಡಿದು ಪರೀಕ್ಷಿಸಿದ. ಗ್ರಂಥಿ ಊದಿತು ಕೂಡ. ಸೋಂಕೇ ಮೂಲವೆಂಬ ಅವನ ವಾದ ನಿಲ್ಲಲಿಲ್ಲ. ಮುಂದೆ ಅವನು ಕೂನೂರಿನಲ್ಲಿ ಕಟ್ಟಿದ ಪ್ರಯೋಗಾಲಯ, ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯಾಗಿ ಬೆಳೆಯಿತು.

ನಿರ್ಣಾಯಕ ಪ್ರಯೋಗ ನಡೆದದ್ದು ಕಾಂಗ್ರಾ ಕಣಿವೆಯಲ್ಲಿ, 1956ರಲ್ಲಿ. ಅದು ಆಗ ಪಂಜಾಬಿನ ಭಾಗ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಸುಮಾರು ಒಂದು ಲಕ್ಷ ಜನರಿದ್ದ ಪ್ರದೇಶವನ್ನು ಮೂರು ವಲಯಗಳಾಗಿ ವಿಂಗಡಿಸಿದರು. ಒಂದಕ್ಕೆ ಪೊಟ್ಯಾಸಿಯಂ ಅಯೋಡೈಡ್ ಬೆರೆಸಿದ ಉಪ್ಪು, ಇನ್ನೊಂದಕ್ಕೆ ಅಯೋಡೇಟ್ ಬೆರೆಸಿದ್ದು, ಮೂರನೆಯದಕ್ಕೆ ಬರಿಯ ಉಪ್ಪು. ಆರಂಭದಲ್ಲಿ ಮೂರರಲ್ಲೂ ನೂರಕ್ಕೆ ಸುಮಾರು 38 ಮಂದಿಗೆ ಗಳಗಂಡ. ಆರು ವರ್ಷಗಳಲ್ಲಿ ಮೊದಲೆರಡು ವಲಯಗಳಲ್ಲಿ ಅದು ಅರ್ಧಕ್ಕೂ ಅದಕ್ಕಿಂತ ಕೆಳಗೂ ಇಳಿಯಿತು; ಮೂರನೆಯದು ಇದ್ದಲ್ಲೇ ಇತ್ತು. ಅನಂತರ ಅಲ್ಲಿಗೂ ಅಯೋಡಿನ್ ಉಪ್ಪು ಕೊಟ್ಟಾಗ ಅಲ್ಲೂ ಇಳಿಯಿತು. ನಮ್ಮ ಸೆಕೆ, ತೇವಕ್ಕೆ ಅಯೋಡೈಡಿಗಿಂತ ಅಯೋಡೇಟ್ ಹೆಚ್ಚು ಕಾಲ ತಾಳುವುದರಿಂದ ಭಾರತ ಅದನ್ನೇ ಆರಿಸಿಕೊಂಡಿತು.

1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಮುಂದಿನ ಎರಡು ದಶಕ ಅದು ಸೊರಗಿತು: ಉಪ್ಪಿನ ಉತ್ಪಾದನೆ ಸಾಲದು, ಗಡ್ಡೆಯಿಂದ ಯಾರೂ ಸಾಯುವುದಿಲ್ಲವೆಂಬ ಉದಾಸೀನ ಬೇರೆ. ಈ ಮಧ್ಯೆ ಪಪುವಾ ನ್ಯೂಗಿನಿಯಲ್ಲಿ ಪೀಟರ್ ಫೇರೊ ನಡೆಸಿದ ಪ್ರಯೋಗ ಲೆಕ್ಕಾಚಾರವನ್ನೇ ಬದಲಿಸಿತು. ಗರ್ಭ ಧರಿಸುವ ಮುನ್ನವೇ ತಾಯಿಗೆ ಅಯೋಡಿನ್ ಎಣ್ಣೆಯ ಚುಚ್ಚುಮದ್ದು ಕೊಟ್ಟಿದ್ದರೆ ಮಗು ಕಿವುಡು, ಮೂಕ, ಮತಿಮಾಂದ್ಯವಾಗಿ ಹುಟ್ಟುವುದು ತಪ್ಪುತ್ತಿತ್ತು. ಆಮೇಲೆ ಕೊಟ್ಟರೆ ಹೊತ್ತು ಮೀರಿರುತ್ತಿತ್ತು. 1983ರಲ್ಲಿ ಬೇಸಿಲ್ ಹೆಟ್ಜೆಲ್ ಈ ಎಲ್ಲವನ್ನೂ ಅಯೋಡಿನ್ ಕೊರತೆಯ ರೋಗಗಳು ಎಂಬ ಒಂದೇ ಶೀರ್ಷಿಕೆಯಡಿ ತಂದ. ಭಾರತದ ಕಾರ್ಯಕ್ರಮಕ್ಕೂ 1992ರಲ್ಲಿ ಅದೇ ಹೆಸರು ಬಂತು. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರುವುದರ ಮೇಲೆ ಹೇರಿದ ನಿಷೇಧವನ್ನು, ಉಪ್ಪಿನ ಸತ್ಯಾಗ್ರಹದ ನೆನಪೂ ಬೆರೆತ ವಿರೋಧದ ನಡುವೆ ಕೇಂದ್ರ 2000ದಲ್ಲಿ ತೆಗೆದು, 2006ರಲ್ಲಿ ಮತ್ತೆ ತಂದಿತು.

ಕರ್ನಾಟಕದಲ್ಲಿ ಮಲೆನಾಡಿನ ಚಿಕ್ಕಮಗಳೂರಿನ ಜೊತೆಗೆ ಕರಾವಳಿಯ ದಕ್ಷಿಣ ಕನ್ನಡದ ಶಾಲಾಮಕ್ಕಳಲ್ಲೂ ಸಮೀಕ್ಷೆಗಳು ಗಳಗಂಡವನ್ನು ಕಂಡಿವೆ. ಸಮುದ್ರದ ಪಕ್ಕದಲ್ಲಿದ್ದರೆ ಸಾಕೆಂಬ ನಂಬಿಕೆ ಸರಿಯಲ್ಲ. ಉಪ್ಪಿನಾಗರದಲ್ಲಿ ಬಿಸಿಲಿಗೆ ಒಣಗಿದ ಹರಳುಪ್ಪಿನಲ್ಲಿ ಉಳಿಯುವ ಅಯೋಡಿನ್ ತೀರಾ ಅತ್ಯಲ್ಪ. ಅದನ್ನು ಪ್ರತ್ಯೇಕವಾಗಿ ಸೇರಿಸಲೇಬೇಕು. ತಯಾರಿಕೆಯ ಹಂತದಲ್ಲಿ ಹತ್ತು ಲಕ್ಷಕ್ಕೆ 30 ಭಾಗ, ಮನೆಗೆ ತಲುಪುವಾಗ ಕನಿಷ್ಠ 15 ಭಾಗ ಇರಬೇಕೆಂಬುದು ಕಾರ್ಯಕ್ರಮದ ಅಳತೆ.

ಇಂದು ಊರೂರಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಥೈರಾಯ್ಡ್ ಮಾತ್ರೆ ಮಾತ್ರ ಬೇರೆಯೇ ಕಥೆ. ಅದರ ಹಿಂದಿರುವುದು ಬಹುತೇಕ, 1912ರಲ್ಲಿ ಜಪಾನಿನ ಹಕಾರು ಹಾಶಿಮೊಟೊ ವರ್ಣಿಸಿದ ರೋಗ. ಅದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ಎರಗುತ್ತದೆ. ಅಯೋಡಿನ್ ಹೆಚ್ಚು ತಿಂದರೆ ಅದು ವಾಸಿಯಾಗುವುದಿಲ್ಲ. ಕೆಲವರಲ್ಲಿ ಉಲ್ಬಣಿಸುವುದೂ ಉಂಟು.