ಎರಡು ನುಡಿ, ಎರಡು ಅಕ್ಷರ

ಭೂಪಟವನ್ನು ಬಿಡಿಸಿ ನೋಡಿದರೆ ಫಿಲಿಪೈನ್ಸ್ ದ್ವೀಪಗಳಿಗೂ ಯುಕ್ರೇನಿನ ಕರಿಮಣ್ಣಿನ ಬಯಲಿಗೂ ನಡುವೆ ಬಹುದೂರ. ಒಂದು ಕಡೆ ತೆಂಗು, ಬತ್ತ, ಕಡಲು. ಇನ್ನೊಂದು ಕಡೆ ಗೋಧಿ, ಹಿಮ, ಹುಲ್ಲುಗಾವಲು. ಅಲ್ಲಿಯ ಟಗಾಲೊಗ್ ನುಡಿಯನ್ನೂ ಇಲ್ಲಿಯ ಯುಕ್ರೇನಿಯನ್ ನುಡಿಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಹೊರಟವನನ್ನು ಕಂಡು ವಾಚಕರು ನಕ್ಕರೆ ಆಶ್ಚರ್ಯವಿಲ್ಲ. ಆದರೆ ನುಡಿಗಳನ್ನು ಹೋಲಿಸುವುದೆಂದರೆ ಶಬ್ದಗಳನ್ನು ಹೋಲಿಸುವುದು ಮಾತ್ರವಲ್ಲ. ಅವು ಪಟ್ಟ ಪಾಡನ್ನು ಹೋಲಿಸುವುದೂ ಹೌದು.

ಮೊದಲು ಮೈಕಟ್ಟನ್ನು ನೋಡೋಣ. ಯುಕ್ರೇನಿಯನ್ ಸ್ಲಾವ್ ಕುಟುಂಬಕ್ಕೆ ಸೇರಿದ್ದು, ಆ ಮೂಲಕ ಸಂಸ್ಕೃತದ ದೂರದ ದಾಯಾದಿ. ಅದರಲ್ಲಿ ಎರಡಕ್ಕೆ ‘ದ್ವಾ’, ಮೂರಕ್ಕೆ ‘ತ್ರಿ’. ಅದಕ್ಕೆ ಏಳು ವಿಭಕ್ತಿಗಳುಂಟು. ನೆರೆಯ ರಷ್ಯನ್ ಬಹುಮಟ್ಟಿಗೆ ಕಳೆದುಕೊಂಡ ಸಂಬೋಧನಾ ರೂಪವನ್ನು ಅದು ಉಳಿಸಿಕೊಂಡಿದೆ. ‘ಮಾಮಾ’ ಎಂದರೆ ತಾಯಿ, ಕರೆಯುವಾಗ ‘ಮಾಮೊ’. ನಾವು ‘ಅಮ್ಮಾ’ ಎಂದು ದನಿ ಎಳೆಯುವುದಿಲ್ಲವೇ, ಹಾಗೆಯೇ.

ಟಗಾಲೊಗ್‌ಗೆ ಸಂಸ್ಕೃತದೊಡನೆ ರಕ್ತಸಂಬಂಧವಿಲ್ಲ. ಅದು ಮಲಯ ನುಡಿಯ ಬಳಗದ್ದು. ಆದರೂ ಅದರಲ್ಲಿ ‘ಗುರೊ’ ಎಂದರೆ ಉಪಾಧ್ಯಾಯ, ‘ಮುಖಾ’ ಎಂದರೆ ಮುಖ, ‘ದುಖಾ’ ಎಂದರೆ ಬಡವ, ‘ಆಸಾ’ ಎಂದರೆ ಆಸೆ. ಕಡಲ ವ್ಯಾಪಾರದ ಹಾದಿಯಲ್ಲಿ ಮಲಯ, ಜಾವಾಗಳ ಮೂಲಕ ಬಂದ ಎರವಲು ಇದು. ಕುಲ ಬೇರೆಯಾದರೂ ಸಂಸ್ಕೃತದಿಂದ ಧಾರಾಳವಾಗಿ ಕಡ ತಂದ ಕನ್ನಡಿಗರಿಗೆ ಈ ಸಂಗತಿ ಹೊಸದೇನೂ ಅಲ್ಲ. ಟಗಾಲೊಗರ ಹಳೆಯ ಲಿಪಿ ‘ಬೈಬಾಯಿನ್’ ಕೂಡ ನಮ್ಮ ಲಿಪಿಯಂತೆ ಬ್ರಾಹ್ಮಿಯ ಸಂತಾನವೇ. ಅದಕ್ಕೂ ಒಂದು ಪುಟ್ಟ ಕಾಗುಣಿತವಿತ್ತು. ಇದರ ಕ್ರಿಯಾಪದದ ಸೊಗಸೇ ಬೇರೆ. ‘ಕಾಇನ್’ ಎಂದರೆ ಊಟ. ಆ ಧಾತುವಿನ ಹೊಟ್ಟೆಯೊಳಗೇ ಪ್ರತ್ಯಯವನ್ನು ತೂರಿಸಿ ‘ಕುಮಾಇನ್’, ‘ಕಿನಾಇನ್’ ಎಂದು ಮಾಡುತ್ತಾರೆ. ಮೊದಲನೆಯದರಲ್ಲಿ ಉಂಡವನ ಮೇಲೆ ಕಣ್ಣು, ಎರಡನೆಯದರಲ್ಲಿ ಉಂಡ ವಸ್ತುವಿನ ಮೇಲೆ. ಈ ಉದಾಹರಣೆಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಇಷ್ಟೊಂದು ಬೇರೆಯಾದ ಈ ಎರಡು ನುಡಿಗಳು ಚರಿತ್ರೆಯಲ್ಲಿ ಒಂದೇ ವರ್ಷ ಅರಮನೆಗಳ ಕಣ್ಣಿಗೆ ಬಿದ್ದವು. ಅದು ೧೮೬೩.

ಆ ವರ್ಷದ ಜುಲೈಯಲ್ಲಿ ರಷ್ಯದ ಗೃಹಮಂತ್ರಿ ವಲುಯೆವ್ ಒಂದು ಗುಪ್ತ ಸುತ್ತೋಲೆ ಹೊರಡಿಸಿದ. ಯುಕ್ರೇನಿಯನ್ ಎಂಬ ಪ್ರತ್ಯೇಕ ಭಾಷೆ ಹಿಂದೆ ಇರಲಿಲ್ಲ, ಈಗಲೂ ಇಲ್ಲ, ಮುಂದೆ ಇರಲಾರದು ಎಂಬ ಅಭಿಪ್ರಾಯವನ್ನು ಅದರಲ್ಲಿ ಎತ್ತಿಹಿಡಿದು, ಆ ನುಡಿಯ ಧರ್ಮಗ್ರಂಥಗಳ ಮತ್ತು ಪಾಠಪುಸ್ತಕಗಳ ಮುದ್ರಣವನ್ನು ತಡೆದ. ಅದೇ ಡಿಸೆಂಬರಿನಲ್ಲಿ ಸ್ಪೇನಿನ ರಾಣಿ ಎರಡನೆಯ ಇಸಾಬೆಲಳ ಆಜ್ಞೆ ಹೊರಟಿತು: ಫಿಲಿಪೈನ್ಸಿನ ಪ್ರತಿಯೊಂದು ಊರಿನಲ್ಲೂ ಶಾಲೆ ತೆರೆಯಬೇಕು, ಅಲ್ಲಿ ಸ್ಪ್ಯಾನಿಷ್ ಕಲಿಸಬೇಕು. ಮುನ್ನೂರು ವರ್ಷ ಆಳಿದ ಮೇಲೆ ಬಂದ ಬುದ್ಧಿ ಇದು. ಅಲ್ಲಿಯವರೆಗೆ ಪಾದ್ರಿಗಳು ತಾವೇ ಟಗಾಲೊಗ್ ಕಲಿತು ಬೋಧಿಸುತ್ತಿದ್ದರು. ೧೫೯೩ರಲ್ಲಿಯೇ ಮನಿಲಾದಲ್ಲಿ ಸ್ಪ್ಯಾನಿಷ್‌ನೊಡನೆ ಟಗಾಲೊಗ್‌ನಲ್ಲೂ ಕ್ರೈಸ್ತ ಬೋಧೆಯ ಪುಸ್ತಕ ಅಚ್ಚಾಗಿತ್ತು. ಜನ ಸ್ಪ್ಯಾನಿಷ್ ಕಲಿತರೆ ಪ್ರಶ್ನೆ ಕೇಳಲು ಕಲಿತಾರೆಂಬ ಭಯ ಅನೇಕ ಪಾದ್ರಿಗಳಿಗಿತ್ತು. ಒಬ್ಬ ದೊರೆ ಪ್ರಜೆಯ ನುಡಿಯನ್ನು ನಿಷೇಧಿಸಿದರೆ, ಇನ್ನೊಬ್ಬನ ಆಳುಗಳು ತಮ್ಮ ನುಡಿಯನ್ನೇ ಪ್ರಜೆಯಿಂದ ಮರೆಮಾಡಿದರು. ದಾರಿ ಎರಡು, ಉದ್ದೇಶ ಒಂದೇ, ಜನ ಇದ್ದಲ್ಲಿಯೇ ಇರಬೇಕು.

ಆದರೆ ಜನ ಇದ್ದಲ್ಲಿಯೇ ಇರಲಿಲ್ಲ. ೧೭೯೮ರಲ್ಲಿ ಕೊಟ್ಲ್ಯಾರೆವ್‌ಸ್ಕಿ ವರ್ಜಿಲನ ಮಹಾಕಾವ್ಯವನ್ನು ಹಾಸ್ಯಕ್ಕೆ ತಿರುಗಿಸಿ, ಟ್ರಾಯಿನ ವೀರರಿಗೆ ಕೊಸಾಕರ ವೇಷ ತೊಡಿಸಿ, ಆಡುನುಡಿಯ ಯುಕ್ರೇನಿಯನ್ನಿಗೆ ಸಾಹಿತ್ಯದ ಬಾಗಿಲು ತೆರೆದಿದ್ದ. ಜೀತದ ಮನೆಯಲ್ಲಿ ಹುಟ್ಟಿದ ತರಾಸ್ ಶೆವ್ಚೆಂಕೊ ೧೮೪೦ರಲ್ಲಿ ‘ಕೊಬ್ಜಾರ್’ ಸಂಕಲನವನ್ನು ಹೊರತಂದ. ೧೮೪೭ರಲ್ಲಿ ಅವನನ್ನು ಬಂಧಿಸಿ, ಬರೆಯಬಾರದು, ಚಿತ್ರ ಬಿಡಿಸಬಾರದು ಎಂಬ ಕಟ್ಟಳೆಯೊಡನೆ ಗಡೀಪಾರು ಮಾಡಿದರು. ಅವನು ಕಣ್ಣು ಮುಚ್ಚಿದ್ದು ೧೮೬೧ರಲ್ಲಿ. ಅದೇ ವರ್ಷ ಫಿಲಿಪೈನ್ಸಿನಲ್ಲಿ ಹೊಸೆ ರಿಸಾಲ್ ಹುಟ್ಟಿದ.

ಈ ರಿಸಾಲ್ ತನ್ನ ಕಾದಂಬರಿಗಳನ್ನು ಬರೆದದ್ದು ಸ್ಪ್ಯಾನಿಷ್‌ನಲ್ಲಿ. ಆದರೂ ಮನಸ್ಸು ತಾಯ್ನುಡಿಯ ಕಡೆಗೇ ಇತ್ತು. ೧೮೮೬ರಲ್ಲಿ ಅವನು ಷಿಲ್ಲರನ ‘ವಿಲ್‌ಹೆಲ್ಮ್ ಟೆಲ್’ ನಾಟಕವನ್ನು ಟಗಾಲೊಗ್‌ಗೆ ತಂದ. ಆಗ ಅವನನ್ನು ಕಾಡಿದ್ದು ಒಂದು ಅಕ್ಷರ. ಪಾದ್ರಿಗಳು ಕಲಿಸಿದ ಸ್ಪ್ಯಾನಿಷ್ ಬರವಣಿಗೆಯಲ್ಲಿ ‘ಕಾಇನ್’ ಎಂಬುದನ್ನು ‘ಸಿ’ ಅಕ್ಷರದಿಂದಲೂ ‘ಕಿನಾಇನ್’ ಎಂಬುದನ್ನು ‘ಕ್ಯೂ’ ಅಕ್ಷರದಿಂದಲೂ ಆರಂಭಿಸಬೇಕಾಗಿತ್ತು. ಒಂದೇ ಧಾತುವಿಗೆ ಎರಡು ಮುಖ! ಎಲ್ಲ ಕಡೆಯೂ ‘ಕೆ’ ಬರೆದರೆ ತೊಡಕೇ ಇಲ್ಲವೆಂದು ರಿಸಾಲ್ ಮತ್ತು ಅವನ ಗೆಳೆಯರು ವಾದಿಸಿದರು. ಅದು ಪರದೇಶಿ ಅಕ್ಷರ, ಜರ್ಮನ್ ಅಕ್ಷರ ಎಂದು ವಿರೋಧಿಗಳು ಕೂಗಾಡಿದರು. ಆದರೆ ೧೮೯೨ರಲ್ಲಿ ಹುಟ್ಟಿದ ಕ್ರಾಂತಿಕಾರರ ಸಂಘ ‘ಕಟಿಪುನಾನ್’ ತನ್ನ ಬಾವುಟದ ಮೇಲೆ ಅದೇ ‘ಕೆ’ಯನ್ನು ಬರೆದುಕೊಂಡಿತು. ೧೮೯೬ರ ಡಿಸೆಂಬರ್ ೩೦ರಂದು ರಿಸಾಲ್ ಗುಂಡಿಗೆ ಬಲಿಯಾದ. ಅವನ ಅಕ್ಷರ ಉಳಿಯಿತು.

ಯುಕ್ರೇನಿನಲ್ಲಿಯೂ ಜಗಳ ಅಕ್ಷರದವರೆಗೆ ಇಳಿಯಿತು. ೧೮೭೬ರಲ್ಲಿ ಜರ್ಮನಿಯ ಎಮ್ಸ್ ಪಟ್ಟಣದಲ್ಲಿ ವಿಶ್ರಾಂತಿಯಲ್ಲಿದ್ದ ತ್ಸಾರ್ ಎರಡನೆಯ ಅಲೆಗ್ಸಾಂಡರ್ ಹೊಸ ಆಜ್ಞೆಗೆ ಸಹಿ ಹಾಕಿದ. ನಾಟಕ ಕೂಡದು, ಹೊರಗಿನಿಂದ ಪುಸ್ತಕ ತರಕೂಡದು. ಕಥೆ ಕವನಗಳಿಗೆ ಅಪ್ಪಣೆ ಸಿಕ್ಕರೂ ಅವು ರಷ್ಯನ್ ಕಾಗುಣಿತದಲ್ಲಿಯೇ ಇರಬೇಕು. ಬರಹಗಾರರು ಆಸ್ಟ್ರಿಯದ ಆಳ್ವಿಕೆಯಲ್ಲಿದ್ದ ಲ್ವಿವ್ ನಗರದ ಅಚ್ಚುಕೂಟಗಳ ಮೊರೆಹೊಕ್ಕರು. ತ್ಸಾರರ ಕಾಲ ಮುಗಿದ ಮೇಲೂ ಸಂಕಟ ಮುಗಿಯಲಿಲ್ಲ. ರಷ್ಯನರು ‘ಗ’ ಎಂದು ಓದುವ ಅಕ್ಷರವನ್ನು ಯುಕ್ರೇನಿಯನರು ‘ಹ’ ಎಂದು ಓದುತ್ತಾರೆ. ನಿಜವಾದ ‘ಗ’ಕಾರಕ್ಕೆ ಅವರಿಗೆ ಬೇರೊಂದು ಅಕ್ಷರವಿದೆ. ಸ್ಟಾಲಿನ್ನನ ಕಾಲದಲ್ಲಿ, ೧೯೩೩ರಲ್ಲಿ, ಆ ಅಕ್ಷರವನ್ನು ವರ್ಣಮಾಲೆಯಿಂದ ಕಿತ್ತುಹಾಕಿದರು. ಹಿಂದಿನ ಕಾಗುಣಿತ ಸುಧಾರಣೆಗೆ ಬೆಂಬಲವಾಗಿದ್ದ ಮಂತ್ರಿ ಸ್ಕ್ರಿಪ್ನಿಕ್ ಅದೇ ವರ್ಷ ತನ್ನನ್ನೇ ಗುಂಡಿಟ್ಟುಕೊಂಡು ಸತ್ತ. ಅಕ್ಷರ ಮರಳಿ ಬಂದದ್ದು ೧೯೯೦ರಲ್ಲಿ, ಐವತ್ತೇಳು ವರ್ಷಗಳ ವನವಾಸದ ನಂತರ.

ಈಗ ಎರಡು ನುಡಿಗಳಿಗೂ ಪಟ್ಟವಾಗಿದೆ. ೧೯೩೭ರಲ್ಲಿ ಅಧ್ಯಕ್ಷ ಕೆಸೊನ್ ಟಗಾಲೊಗ್ಗನ್ನು ರಾಷ್ಟ್ರಭಾಷೆಯ ಬುನಾದಿಯೆಂದು ಸಾರಿದ. ೧೯೮೭ರ ಸಂವಿಧಾನದಲ್ಲಿ ಅದರ ಹೆಸರು ‘ಫಿಲಿಪಿನೊ’. ಯುಕ್ರೇನಿಯನ್ ೧೯೮೯ರ ಕಾನೂನಿನಿಂದ ರಾಜ್ಯಭಾಷೆಯಾಯಿತು. ಆದರೆ ಪಟ್ಟವಾದೊಡನೆ ಕಥೆ ಸುಖಾಂತವಾಗುವುದಿಲ್ಲ. ಮನಿಲಾದಲ್ಲಿ ಅಮೆರಿಕನರು ಬಿಟ್ಟುಹೋದ ಇಂಗ್ಲಿಷ್ ಇನ್ನೂ ಜೊತೆಸಿಂಹಾಸನದಲ್ಲಿ ಕುಳಿತಿದೆ; ರಾಜಧಾನಿಯ ನುಡಿಯೇ ಏಕೆ ರಾಷ್ಟ್ರದ ನುಡಿಯಾಗಬೇಕೆಂದು ಸೆಬುವಾನೊ ಆಡುವವರು ಕೇಳುತ್ತ ಬಂದಿದ್ದಾರೆ. ನಿನ್ನೆ ತುಳಿತಕ್ಕೊಳಗಾದ ನುಡಿ ಇಂದು ನೆರೆಯ ನುಡಿಯ ಕಾಲು ತುಳಿಯದಿರಬೇಕು ಎಂಬ ಎಚ್ಚರ ಆ ಪ್ರಶ್ನೆಯಲ್ಲಿದೆ. ಅತ್ತ ಯುಕ್ರೇನಿನಲ್ಲಿ, ೨೦೨೨ರಲ್ಲಿ ರಷ್ಯದ ಸೈನ್ಯ ನುಗ್ಗಿದ ಮೇಲೆ, ಹುಟ್ಟಿನಿಂದ ರಷ್ಯನ್ ಆಡುತ್ತಿದ್ದ ಎಷ್ಟೋ ಜನ ಮನೆಮಾತನ್ನೇ ಬದಲಿಸಿಕೊಂಡರು. ಅದನ್ನು ಕೇವಲ ಕಾನೂನು ಮಾಡಿಸಲಾರದು.

ಟಗಾಲೊಗ್‌ನಲ್ಲಿ ‘ನಾವು’ ಎನ್ನಲು ಎರಡು ಶಬ್ದಗಳಿವೆ: ಕೇಳುವವನನ್ನೂ ಸೇರಿಸಿಕೊಂಡರೆ ‘ತಾಯೊ’, ಬಿಟ್ಟರೆ ‘ಕಮಿ’. ತೆಲುಗಿನ ‘ಮನಮು’, ‘ಮೇಮು’ಗಳ ಹಾಗೆ. ಒಂದು ನುಡಿಗೆ ಪಟ್ಟ ಕಟ್ಟುವವರು ‘ನಾವು’ ಎಂದಾಗ ಅದು ಯಾವ ‘ನಾವು’ ಎಂದು ಕೇಳಿಕೊಳ್ಳುವುದು ಒಳ್ಳೆಯದು. ತ್ಸಾರನಾಗಲಿ ಪಾದ್ರಿಯಾಗಲಿ ಆ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ.