ಜುಲೈ 1ರ ಕಂತು

2021ರ ಜುಲೈ 1. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ, ಮಯಾಮಿ ಪಕ್ಕದ ಸರ್ಫ್‌ಸೈಡ್ ಅನ್ನೋ ಪುಟ್ಟ ಊರು. ಅಲ್ಲಿ ಸಮುದ್ರದ ದಂಡೆಯ ಒಂದು ಅಪಾರ್ಟ್‌ಮೆಂಟ್‌ನವರಿಗೆ ಅವತ್ತು ರಿಪೇರಿ ಹಣ ಕಟ್ಟೋಕೆ ಗಡುವು. ಸಣ್ಣ ಮನೆಯವರ ಪಾಲು ಸುಮಾರು 80 ಸಾವಿರ ಡಾಲರ್. ಪೆಂಟ್‌ಹೌಸ್‌ನ ಪಾಲು 3 ಲಕ್ಷ 36 ಸಾವಿರ. ಆ ತಾರೀಖು ಬರೋ ಹೊತ್ತಿಗೆ ಕಟ್ಟಡದ ಅರ್ಧ ಭಾಗವೇ ಇರಲಿಲ್ಲ. ಅದಕ್ಕೆ ಒಂದು ವಾರ ಮೊದಲು, ಜೂನ್ 24ರ ನಡುರಾತ್ರಿ ಕಳೆದ ಮೇಲೆ, ಮಲಗಿದ್ದವರನ್ನೂ ಸೇರಿಸಿಕೊಂಡು ಅದು ಕುಸಿದಿತ್ತು. 98 ಜನ ಸತ್ತರು.

ಚಾಂಪ್ಲೇನ್ ಟವರ್ಸ್ ಸೌತ್. 12 ಮಹಡಿ, 136 ಮನೆ. ಕುಸಿಯೋ ವಿಡಿಯೋ ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಅದರಲ್ಲಿ ಕಾಣದೇ ಇರೋದು ಅದರ ಹಿಂದಿನ ಮೂರು ವರ್ಷದ ಅಸೋಸಿಯೇಷನ್ ಮೀಟಿಂಗ್‌ಗಳು. ನನಗೆ ಮುಖ್ಯ ಅನ್ನಿಸೋದು ಅವು. ಯಾಕೆ ಅಂದರೆ ಅಂಥ ಮೀಟಿಂಗ್ ಭಾನುವಾರ ಬೆಳಿಗ್ಗೆ ನಿಮ್ಮ ಕ್ಲಬ್‌ಹೌಸ್‌ನಲ್ಲೂ ನಡೆಯುತ್ತೆ.

ಅದಕ್ಕಿಂತ ಮೊದಲು ಸ್ವಲ್ಪ ಹಿಂದೆ ಹೋಗೋಣ. ನೆಲ ಎಲ್ಲರದು, ಗೋಡೆಯೊಳಗಿನ ಮನೆ ಮಾತ್ರ ನನ್ನದು ಅನ್ನೋ ಮಾಲೀಕತ್ವ ಅಮೆರಿಕದ ಕಾನೂನಿಗೆ ಬಂದಿದ್ದು ತಡವಾಗಿ. 1958ರಲ್ಲಿ ಪೋರ್ಟೊರಿಕೊ ಇದಕ್ಕೆ ವಿವರವಾದ ಕಾಯ್ದೆ ಮಾಡಿತು. 1961ರಲ್ಲಿ ಅಮೆರಿಕ ಸರ್ಕಾರ ಇಂಥ ಫ್ಲ್ಯಾಟ್‌ಗಳ ಸಾಲಕ್ಕೂ ವಿಮೆ ಕೊಡೋಕೆ ಒಪ್ಪಿತು. ಸಾಲ ಸಿಗುತ್ತೆ ಅಂದಮೇಲೆ ಇನ್ನೇನು, ಒಂದೊಂದೇ ರಾಜ್ಯ ಕಾಯ್ದೆ ಮಾಡಿಕೊಂಡಿತು. ಫ್ಲಾರಿಡಾದ್ದು 1963ರದು. ನಮ್ಮಲ್ಲಿ ಮಹಾರಾಷ್ಟ್ರ 1970ರಲ್ಲಿ ಮಾಡಿತು, ಕರ್ನಾಟಕ 1972ರಲ್ಲಿ. ನಮ್ಮ ಕಾಯ್ದೆ ತೆಗೆದು ಓದಿ. ಡಿಕ್ಲರೇಷನ್, ಬೈಲಾ, ಕಾಮನ್ ಏರಿಯಾ, ಅವಿಭಾಜ್ಯ ಪಾಲು: ಪದಗಳೆಲ್ಲ ಅಲ್ಲಿನವೇ. ಅಂದರೆ ಮಯಾಮಿಯ ಅಸೋಸಿಯೇಷನ್ನೂ ಮಲ್ಲೇಶ್ವರದ ಅಸೋಸಿಯೇಷನ್ನೂ ದೂರದ ನೆಂಟರು.

ಈ ವ್ಯವಸ್ಥೆಯ ಸ್ವಭಾವ ನೋಡಿ. ಅಸೋಸಿಯೇಷನ್ ಒಂದು ಪುಟಾಣಿ ಸರ್ಕಾರ. ಅದು ವಿಧಿಸೋ ತೆರಿಗೆಯ ಹೆಸರು ಮೇಂಟೆನೆನ್ಸ್. ಆದರೆ ನಿಜವಾದ ಸರ್ಕಾರದಲ್ಲಿ ತೆರಿಗೆ ಏರಿಸಿದ ಮಂತ್ರಿಗೆ ಸಂಬಳ ಇದೆ, ಕಾರಿದೆ, ಮುಂದೆ ಪೊಲೀಸ್ ಜೀಪಿದೆ. ಇಲ್ಲಿ ಮೇಂಟೆನೆನ್ಸ್ ಏರಿಸಿದ ಸೆಕ್ರೆಟರಿ ಸಂಬಳ ಇಲ್ಲದೆ ದುಡಿದು, ಬೈದವರ ಜೊತೆಗೇ ಅದೇ ಲಿಫ್ಟ್‌ನಲ್ಲಿ ಮೇಲೆ ಹೋಗಬೇಕು. ಮುಂದೆ ಬರೋ ದೊಡ್ಡ ರಿಪೇರಿಗೆ ಈಗಲೇ ಹಣ ಎತ್ತಿಡೋಣ ಅಂತ ಅಂಥವನು ಹೇಳಿದರೆ ಯಾರು ಕೇಳ್ತಾರೆ? ಫ್ಲಾರಿಡಾದಲ್ಲಂತೂ ಕೇಳದೇ ಇರೋದಕ್ಕೆ ಕಾನೂನೇ ದಾರಿ ಮಾಡಿಕೊಟ್ಟಿತ್ತು. ರಿಪೇರಿ ನಿಧಿ ಕೂಡಿಡಬೇಕು ಅಂತ ನಿಯಮ ಇತ್ತು, ನಿಜ. ಆದರೆ ಮಾಲೀಕರು ಸಭೆ ಸೇರಿ ಬಹುಮತದಿಂದ "ಈ ವರ್ಷ ಬೇಡ" ಅನ್ನಬಹುದಿತ್ತು. ಮುಂದಿನ ವರ್ಷವೂ ಅನ್ನಬಹುದಿತ್ತು. ಐದು ವರ್ಷಕ್ಕೊಮ್ಮೆ ಕಟ್ಟಡ ತಪಾಸಣೆ ಮಾಡಿಸಿ ಅಂತ 2008ರಲ್ಲಿ ಒಂದು ಕಾನೂನು ಬಂತು. ಖರ್ಚು ಜಾಸ್ತಿ ಅಂತ 2010ರಲ್ಲಿ ಅದನ್ನೂ ತೆಗೆದುಹಾಕಿದರು.

ಈಗ ಸರ್ಫ್‌ಸೈಡ್‌ಗೆ ಬನ್ನಿ. ಆಗ ಅಲ್ಲಿ 40 ವರ್ಷ ತುಂಬಿದ ಕಟ್ಟಡ ಮತ್ತೆ ಸರ್ಟಿಫಿಕೇಟ್ ಪಡೆಯಬೇಕಿತ್ತು. ಚಾಂಪ್ಲೇನ್ ಕಟ್ಟಿದ್ದು 1981ರಲ್ಲಿ. ಹಾಗಾಗಿ ಅಸೋಸಿಯೇಷನ್ 2018ರಲ್ಲೇ ಒಬ್ಬ ಇಂಜಿನಿಯರ್‌ನ ಕರೆಸಿತು. ಇದು ಅವರು ಮಾಡಿದ ಒಳ್ಳೆ ಕೆಲಸ. ವರದಿ ಅಕ್ಟೋಬರ್‌ನಲ್ಲಿ ಬಂತು. ಈಜುಕೊಳದ ಸುತ್ತಲಿನ ಡೆಕ್‌ಗೆ ಹಾಕಿದ ವಾಟರ್‌ಪ್ರೂಫಿಂಗ್ ಹಾಳಾಗಿದೆ, ಅದರ ಕೆಳಗಿನ ಕಾಂಕ್ರೀಟ್ ಸ್ಲ್ಯಾಬ್‌ಗೆ ದೊಡ್ಡ ಹಾನಿಯಾಗಿದೆ ಅಂತ ಅದರಲ್ಲಿತ್ತು. ಕಾರಣ ಕೇಳಿದರೆ ನಮ್ಮೂರ ಮೇಸ್ತ್ರಿಯೂ ನಗ್ತಾನೆ. ಡೆಕ್‌ಗೆ ಇಳಿಜಾರೇ ಕೊಟ್ಟಿರಲಿಲ್ಲ. ನೀರು ಹರಿದುಹೋಗದೆ ಅಲ್ಲೇ ನಿಂತು, ತಾನಾಗಿ ಆರೋವರೆಗೂ ಇಂಗುತ್ತಿತ್ತು.

ಇಂಜಿನಿಯರಿಂಗ್ ಓದಿದ್ದರಿಂದ ಇಲ್ಲಿ ಎರಡು ಮಾತು ಹೇಳ್ತೀನಿ. ಕಾಂಕ್ರೀಟ್ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದರೆ ಅದು ಸವೆಯೋದಷ್ಟೇ ಅಲ್ಲ, ಉಬ್ಬುತ್ತೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಆ ಒತ್ತಡಕ್ಕೆ ಕಾಂಕ್ರೀಟ್ ಒಳಗಿನಿಂದ ಸೀಳುತ್ತೆ. ಸೀಳಿದ ಜಾಗದಿಂದ ಇನ್ನಷ್ಟು ನೀರು ಒಳಗೆ ಹೋಗುತ್ತೆ. ಅದಕ್ಕೇ ಈ ಕಾಯಿಲೆ ವರ್ಷದಿಂದ ವರ್ಷಕ್ಕೆ ಒಂದೇ ವೇಗದಲ್ಲಿ ಬೆಳೆಯಲ್ಲ, ವೇಗ ಏರುತ್ತಾ ಹೋಗುತ್ತೆ. ರಿಪೇರಿ ಬಿಲ್ಲೂ ಹಾಗೇ. 2018ರಲ್ಲಿ ಅಂದಾಜು ಸುಮಾರು 90 ಲಕ್ಷ ಡಾಲರ್. 2021ಕ್ಕೆ ಒಂದೂವರೆ ಕೋಟಿ. ಅಸೋಸಿಯೇಷನ್‌ನ ರಿಪೇರಿ ನಿಧಿಯಲ್ಲಿ ಇದ್ದದ್ದು ಸುಮಾರು 7 ಲಕ್ಷ.

ನಡುವೆ ಏನಾಯಿತು? ವರದಿ ಬಂದ ಮುಂದಿನ ತಿಂಗಳೇ ಊರಿನ ಕಟ್ಟಡ ಅಧಿಕಾರಿ ಸಭೆಗೆ ಬಂದು, ಕಟ್ಟಡ ಚೆನ್ನಾಗೇ ಇದೆ ಅಂದರು. ಸಭೆಯ ನಡಾವಳಿಯಲ್ಲಿ ಹಾಗೇ ದಾಖಲಾಗಿದೆ. ಇಷ್ಟು ಸಾಕಲ್ಲ, ಹಣ ಕೊಡಲು ಮನಸ್ಸಿಲ್ಲದವನಿಗೆ! ಜಗಳ ಎಲ್ಲಿಗೆ ಹೋಯಿತು ಅಂದರೆ, 2019ರಲ್ಲಿ ಏಳು ಜನರ ಬೋರ್ಡಿನಲ್ಲಿ ಐವರು ರಾಜೀನಾಮೆ ಕೊಟ್ಟರು. ಆಮೇಲೆ ಬಂದ ಅಧ್ಯಕ್ಷೆ 2021ರ ಏಪ್ರಿಲ್‌ನಲ್ಲಿ ಎಲ್ಲರಿಗೂ ಪತ್ರ ಬರೆದು, ಹಾನಿ ಆಗಿಗಿಂತ ತುಂಬಾ ಹೆಚ್ಚಾಗಿದೆ ಅಂದರು. ಬೋರ್ಡು ಒಂದೂವರೆ ಕೋಟಿಗೆ ಒಪ್ಪಿಗೆ ಕೊಟ್ಟಿದ್ದು ಆ ತಿಂಗಳು. ಬೆಕ್ಕಿಗೆ ಗಂಟೆ ಕಟ್ಟೋರು ಕೊನೆಗೂ ಸಿಕ್ಕಿದ್ದರು. ಕಟ್ಟಡಕ್ಕೆ ಉಳಿದಿದ್ದು ಎರಡು ಚಿಲ್ಲರೆ ತಿಂಗಳು.

ಹಾಗಂತ ತಪ್ಪನ್ನೆಲ್ಲ ನಿವಾಸಿಗಳ ತಲೆಗೆ ಕಟ್ಟೋದು ಅನ್ಯಾಯ. ಅಮೆರಿಕದ ನಿಸ್ಟ್ ಸಂಸ್ಥೆಯ ತನಿಖೆಯಲ್ಲಿ ಕಂಡುಬಂದಿದ್ದು ಬೇರೆಯೇ. ಡೆಕ್‌ನ ಮೂಲ ವಿನ್ಯಾಸದಲ್ಲೇ ಅವತ್ತಿನ ನಿಯಮ ಕೇಳುತ್ತಿದ್ದಷ್ಟು ಬಲ ಇರಲಿಲ್ಲ. 1981ರಲ್ಲಿ ಯಾರೋ ಮಾಡಿದ ತಪ್ಪನ್ನು 40 ವರ್ಷ ಆದಮೇಲೆ ಒಬ್ಬ ನಿವೃತ್ತ ಅಜ್ಜಿ ತನ್ನ ಉಳಿತಾಯದಿಂದ ಸರಿಪಡಿಸಬೇಕು ಅಂದರೆ ಅವಳಿಗೆ ಸಿಟ್ಟು ಬರಲ್ವಾ? ಬರುತ್ತೆ. ಆದರೆ ಅಷ್ಟು ಹೊತ್ತಿಗೆ ಕಟ್ಟಡ ಬಿಲ್ಡರ್‌ದಲ್ಲ, ಅವಳದು.

ನಮ್ಮಲ್ಲೂ ಲೆಕ್ಕ ಅದೇ. ರೇರಾ ಕಾಯ್ದೆ ಪ್ರಕಾರ ಮನೆ ಕೈಗೆ ಕೊಟ್ಟ ದಿನದಿಂದ ಐದು ವರ್ಷ, ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ಸರಿಮಾಡಿಕೊಡಬೇಕು. ಆರನೇ ವರ್ಷದಿಂದ? ತುಕ್ಕಿಗೆ ಐದು ವರ್ಷ ಏನೂ ಅಲ್ಲ. ಬೆಂಗಳೂರಿನಲ್ಲಿ 80, 90ರ ದಶಕದ ಅಪಾರ್ಟ್‌ಮೆಂಟ್‌ಗಳಿಗೆ ಈಗ 30, 40 ವರ್ಷ. ಇಪ್ಪತ್ತು ಮನೆಯ ಸಣ್ಣ ಕಟ್ಟಡದಲ್ಲಿ ಅರ್ಧ ಮನೆ ಬಾಡಿಗೆಗೆ. ಓನರ್ ಒಬ್ಬರು ಡಲ್ಲಾಸ್‌ನಲ್ಲಿ, ಇನ್ನೊಬ್ಬರು ದುಬೈನಲ್ಲಿ. ಬೇಸ್‌ಮೆಂಟ್ ಸೀಲಿಂಗ್‌ನಲ್ಲಿ ಕಬ್ಬಿಣ ಇಣುಕಿದರೆ ಪೇಂಟ್ ಹೊಡೆಸ್ತಾರೆ. ಮೀಟಿಂಗ್‌ನಲ್ಲಿ ಎರಡು ಗಂಟೆ ನಾಯಿ, ಬ್ಯಾಚುಲರ್‌ಗಳು, ಗೆಸ್ಟ್ ಪಾರ್ಕಿಂಗ್. ಸಿಂಕಿಂಗ್ ಫಂಡ್ ಅಜೆಂಡಾದ ಕೊನೆಯಲ್ಲಿ ಬರುತ್ತೆ. ಅಷ್ಟೊತ್ತಿಗೆ ಊಟದ ಸಮಯ.

ಭಾರತದಲ್ಲಿ ಇಂಥದ್ದು ಆಗಲ್ಲ ಅನ್ನಬೇಡಿ. 2022ರ ಫೆಬ್ರವರಿಯಲ್ಲಿ ಗುರುಗ್ರಾಮದ ಸೆಕ್ಟರ್ 109ರಲ್ಲಿ ಒಂದು ಟವರ್‌ನ ಭಾಗ ಕುಸಿದು ಇಬ್ಬರು ಮಹಿಳೆಯರು ಸತ್ತರು. ಐಐಟಿ ದೆಹಲಿ ಪರೀಕ್ಷಿಸಿದಾಗ ಕಾಂಕ್ರೀಟ್‌ನಲ್ಲಿ ಕಬ್ಬಿಣ ತಿನ್ನೋ ಕ್ಲೋರೈಡ್ ಸಿಕ್ಕಿತು. ಅದು ಇನ್ನೂ ಹೊಸ ಕಟ್ಟಡ.

ಸರ್ಫ್‌ಸೈಡ್ ಆದಮೇಲೆ ಫ್ಲಾರಿಡಾ 2022ರಲ್ಲಿ ಕಾನೂನು ಬದಲಿಸಿತು. ಮೂರು ಮಹಡಿ ಅಥವಾ ಹೆಚ್ಚಿನ ಕಾಂಡೊಗಳಿಗೆ 30 ವರ್ಷಕ್ಕೆ ತಪಾಸಣೆ. ಕಟ್ಟಡದ ರಚನೆಗೆ ಸಂಬಂಧಿಸಿದ ನಿಧಿಯನ್ನು ಇನ್ನು ಮತ ಹಾಕಿ ಮನ್ನಾ ಮಾಡೋ ಹಾಗಿಲ್ಲ. ಸರಿಯಾದ ಕಾನೂನು ಅಂತ ನನ್ನ ಅಭಿಪ್ರಾಯ. ಆದರೆ ದಶಕಗಳಿಂದ ಕಟ್ಟದೇ ಉಳಿದ ಬಾಕಿ ಒಟ್ಟಿಗೆ ಬಂತು. ತಿಂಗಳ ಮೇಂಟೆನೆನ್ಸ್ ಜಿಗಿಯಿತು, ಹಳೆ ಕಟ್ಟಡಗಳ ಬೆಲೆ ಬಿತ್ತು, ಪೆನ್ಷನ್ ನಂಬಿದ್ದ ಮುದುಕರು ಮನೆ ಮಾರಲು ನಿಂತರು. 2025ರಲ್ಲಿ ಸರ್ಕಾರ ಮತ್ತೆ ಸ್ವಲ್ಪ ಸಡಿಲಿಸಿತು. ನಿಧಿಯ ಬದಲು ಸಾಲ ತರಬಹುದು, ದೊಡ್ಡ ರಿಪೇರಿ ನಡೆಯುವಾಗ ಎರಡು ವರ್ಷದವರೆಗೆ ಕೂಡಿಡೋದನ್ನು ನಿಲ್ಲಿಸಬಹುದು ಅಂತ. ಚಾಂಪ್ಲೇನ್ ಸಂತ್ರಸ್ತರಿಗೆ ಕೋರ್ಟಿನಲ್ಲಿ 100 ಕೋಟಿ ಡಾಲರ್‌ಗೂ ಹೆಚ್ಚಿನ ಪರಿಹಾರ ಒಪ್ಪಂದವಾಯಿತು. ಕಟ್ಟಡ ಇದ್ದ ಜಾಗವನ್ನು ದುಬೈನ ಕಂಪನಿಯೊಂದು 12 ಕೋಟಿ ಡಾಲರ್‌ಗೆ ಕೊಂಡಿತು. ಅಲ್ಲಿ ಬರೋದೂ ಲಕ್ಷುರಿ ಕಾಂಡೊನೇ. ಅದಕ್ಕೂ ಒಂದು ಅಸೋಸಿಯೇಷನ್ ಇರುತ್ತೆ.